ಗಂಟು ನಿಂತಿತೇ? ಸ್ಕೌಟ್–ಗೈಡ್ ಪರೀಕ್ಷೆಗಳ ನ್ಯಾಯದ ಬಗ್ಗೆ ಓದುಗರ ಪ್ರಶ್ನೆಗಳು

ಸ್ಕೌಟ್ ಮತ್ತು ಗೈಡ್ ಪರೀಕ್ಷಣಾ ಶಿಬಿರಗಳ ದಿನಗಳು ಹತ್ತಿರವಾದಂತೆ ಈ ಅಂಕಣಕ್ಕೆ ಬರುವ ಪತ್ರಗಳೂ ಹೆಚ್ಚುತ್ತವೆ. ಈ ಬಾರಿ ಬಂದವುಗಳಲ್ಲಿ ಬಹುಪಾಲು ಒಂದೇ ಸಂಕಟವನ್ನು ಬೇರೆ ಬೇರೆ ಬಾಯಿಂದ ಹೇಳುತ್ತಿದ್ದುದರಿಂದ, ಐದು ಪತ್ರಗಳನ್ನು ಆರಿಸಿ ಒಟ್ಟಿಗೆ ಉತ್ತರಿಸುತ್ತಿದ್ದೇನೆ. ಈ ಚಳವಳಿಯ ಪರಿಚಯವಿಲ್ಲದ ಓದುಗರಿಗಾಗಿ ಇಷ್ಟು ಹೇಳಬೇಕು: ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆಯಲ್ಲಿ ಸ್ಕೌಟ್ ಅಥವಾ ಗೈಡ್ ಆದ ಮಗು ಪ್ರವೇಶದಿಂದ ಆರಂಭಿಸಿ ಪ್ರಥಮ, ದ್ವಿತೀಯ, ತೃತೀಯ ಸೋಪಾನಗಳನ್ನು ದಾಟಿ, ರಾಜ್ಯ ಪುರಸ್ಕಾರ ಮತ್ತು ರಾಷ್ಟ್ರಪತಿ ಪುರಸ್ಕಾರಗಳವರೆಗೆ ಏರಬಹುದು. ಪ್ರತಿ ಮೆಟ್ಟಿಲಿನಲ್ಲೂ ಯಾರೋ ಒಬ್ಬ ಹಿರಿಯರು ಆ ಮಗುವನ್ನು ನೋಡಿ ‘ಆಯಿತು’ ಎಂದು ಸಹಿ ಹಾಕಬೇಕು. ಈ ಎಲ್ಲ ಪತ್ರಗಳೂ ಆ ಸಹಿಯ ಕುರಿತಾಗಿವೆ.

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಶಿಕ್ಷಕಿ, ಎರಡು ವರ್ಷಗಳಿಂದ ಗೈಡ್ ಕ್ಯಾಪ್ಟನ್ ಆಗಿದ್ದೇನೆ. ನಮ್ಮ ಕಂಪನಿಯಲ್ಲಿ, ಅಂದರೆ ಗೈಡ್ ದಳದಲ್ಲಿ, 28 ಹುಡುಗಿಯರಿದ್ದಾರೆ. ಗಂಟುಗಳ ಪರೀಕ್ಷೆಯಲ್ಲಿ ಒಬ್ಬಳು ಪ್ರತಿ ಗಂಟಿನ ಹೆಸರನ್ನೂ ಉಪಯೋಗವನ್ನೂ ತಡವರಿಸದೆ ಹೇಳಿದಳು, ಆದರೆ ಹಗ್ಗ ಕೈಗೆ ಕೊಟ್ಟಾಗ ಅವಳ ಕೈ ಓಡಲಿಲ್ಲ. ಇನ್ನೊಬ್ಬಳು ಹೆಸರುಗಳನ್ನು ಅದಲುಬದಲು ಮಾಡಿದರೂ ಎಲ್ಲವನ್ನೂ ಸರಿಯಾಗಿ ಕಟ್ಟಿದಳು. ಇಬ್ಬರಲ್ಲಿ ಯಾರನ್ನು ಮುಂದಕ್ಕೆ ಕಳುಹಿಸಬೇಕು? ಇದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವುದು ಇನ್ನೊಂದು ಸಂಗತಿ. ಮೊದಲನೆಯವಳು ತರಗತಿಯಲ್ಲೂ ಜಾಣೆ, ಅವಳ ಮೇಲೆ ನನಗೆ ಮೊದಲಿನಿಂದ ಒಲವಿದೆ. ಆ ಒಲವು ನನ್ನ ತೀರ್ಮಾನದೊಳಗೆ ಬರುತ್ತಿದೆಯೇ ಎಂಬ ಅಳುಕಿದೆ.

ಉತ್ತರ: ಆ ಅಳುಕು ನಿಮ್ಮಲ್ಲಿ ಹುಟ್ಟಿರುವುದೇ ನಿಮ್ಮ ಮಕ್ಕಳ ಪುಣ್ಯ. ಮೊದಲು ಸುಲಭದ ಭಾಗಕ್ಕೆ ಬರೋಣ. ಗಂಟಿನ ಪರೀಕ್ಷೆ ಹಗ್ಗದ ಪರೀಕ್ಷೆ. ಗಂಟು ಕಟ್ಟಬಲ್ಲ ಹುಡುಗಿ ಹೆಸರನ್ನು ಒಂದು ಸಂಜೆಯಲ್ಲಿ ಕಲಿಯುತ್ತಾಳೆ. ಹೆಸರು ಬಲ್ಲವಳು ಕಟ್ಟುವುದನ್ನು ಒಂದು ಸಂಜೆಯಲ್ಲಿ ಕಲಿಯಲಾರಳು. ಆದ್ದರಿಂದ ಎರಡನೆಯವಳಿಗೆ ಅಲ್ಲಿಯೇ ಹೆಸರುಗಳನ್ನು ಮತ್ತೊಮ್ಮೆ ಹೇಳಿಕೊಟ್ಟು ಕೇಳಿ, ಸಹಿ ಹಾಕಿ. ಮೊದಲನೆಯವಳಿಗೆ ‘ಇನ್ನೂ ಆಗಿಲ್ಲ, ಎರಡು ವಾರ ಬಿಟ್ಟು ಮತ್ತೆ ನೋಡೋಣ’ ಎಂದು ಹೇಳಿ, ಒಂದೂವರೆ ಮಾರು ಉದ್ದದ ಹಗ್ಗವನ್ನು ಮನೆಗೆ ಕೊಟ್ಟು ಕಳುಹಿಸಿ. ‘ಫೇಲು’ ಎಂಬ ಮಾತು ನಮ್ಮ ಚಳವಳಿಯ ಪರೀಕ್ಷೆಗಳಲ್ಲಿ ಬರಲೇಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದರೆ ಅದರ ಜಾಗದಲ್ಲಿ ಕರುಣೆಯಿಂದ ‘ಪಾಸು’ ಎನ್ನುವುದೂ ಬರಬಾರದು.

ಹಗ್ಗದ ಪರೀಕ್ಷೆ ಎಂದಾಗಲೂ ಒಂದು ಮಾತು. ಗಂಟನ್ನು ಗಾಳಿಯಲ್ಲಿ ಕಟ್ಟಿ ತೋರಿಸಲು ಹೇಳಬೇಡಿ. ಅದಕ್ಕೆ ಕೆಲಸ ಕೊಡಿ. ಶೀಟ್ ಬೆಂಡ್ ಇರುವುದು ದಪ್ಪ ಬೇರೆಯಾದ ಎರಡು ಹಗ್ಗಗಳನ್ನು ಜೋಡಿಸಲು. ಆದ್ದರಿಂದ ಬಾವಿಯ ಹಗ್ಗದ ತುಂಡೊಂದನ್ನೂ ತೆಳುವಾದ ಹುರಿಯೊಂದನ್ನೂ ಕೊಟ್ಟು, ‘ಇವೆರಡನ್ನು ಸೇರಿಸಿ ಈ ಬಕೆಟ್ಟನ್ನು ಎತ್ತು’ ಎನ್ನಿ. ಬೋಲೈನ್‌ಗೆ ಜಾರದ, ಸೊಂಟವನ್ನು ಬಿಗಿಯದ ಕುಣಿಕೆ ಬೇಕು. ಅದನ್ನು ಗೆಳತಿಯ ಸೊಂಟಕ್ಕೆ ಹಾಕಿಸಿ, ಹಗ್ಗದ ತುದಿಯನ್ನು ಎಳೆದು ನೋಡಿ. ರೀಫ್ ನಾಟನ್ನು ತ್ರಿಕೋನ ಬ್ಯಾಂಡೇಜಿನ ಮೇಲೆಯೇ ಕಟ್ಟಿಸಿ, ಏಕೆಂದರೆ ಅದು ಮೈಗೆ ಚಪ್ಪಟೆಯಾಗಿ ಕೂರುತ್ತದೆ, ಬೇಕಾದಾಗ ಬಿಚ್ಚಲು ಬರುತ್ತದೆ; ಒಂದು ಸುತ್ತು ತಪ್ಪಿ ಗ್ರ್ಯಾನಿ ಗಂಟಾದರೆ ಅದು ಜಾರುವುದನ್ನು ಮಗುವೇ ಕಣ್ಣಾರೆ ನೋಡುತ್ತದೆ. ಹೀಗೆ ಮಾಡಿದಾಗ ತೀರ್ಮಾನದ ಅರ್ಧ ಭಾಗವನ್ನು ಹಗ್ಗವೇ ಹೇಳಿಬಿಡುವುದರಿಂದ ನಿಮ್ಮ ಒಲವಿಗೆ ಉಳಿಯುವ ಜಾಗ ಕಡಿಮೆಯಾಗುತ್ತದೆ. ಎಲ್ಲರಿಗೂ ಒಂದೇ ಬಗೆಯ ಹಗ್ಗ ಇರಲಿ. ಹೊಸ ನೈಲಾನ್ ಹಗ್ಗ ನುಣುಪಾದುದರಿಂದ ಸರಿಯಾಗಿ ಕಟ್ಟಿದ ಗಂಟೂ ಅದರಲ್ಲಿ ಸಡಿಲವಾಗಬಹುದು. ಹತ್ತಿಯ ಹಗ್ಗ ಸಿಕ್ಕಿದ ಹುಡುಗಿಗೂ ನೈಲಾನ್ ಸಿಕ್ಕಿದ ಹುಡುಗಿಗೂ ನಡುವೆ ನೀವು ಅರಿಯದೆಯೇ ಅನ್ಯಾಯ ನಡೆದುಹೋಗುತ್ತದೆ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ಮೂವತ್ತು ವರ್ಷ ಕಳೆದರೂ ಅದು ನನ್ನನ್ನು ಬಿಟ್ಟಿಲ್ಲ. ಆಗ ನಾನು ಹೊಸ ಪರೀಕ್ಷಕ. ಒಕ್ಕಲುತನದ ಮನೆಯಿಂದ ಬಂದಿದ್ದ ಹುಡುಗನೊಬ್ಬನಿಗೆ ಕ್ಲೋವ್ ಹಿಚ್ ಕಟ್ಟಲು ಹೇಳಿದೆ. ಅವನು ಹಗ್ಗವನ್ನು ಕಂಬಕ್ಕೆ ಸುತ್ತಲೇ ಇಲ್ಲ. ಕೈಯಲ್ಲೇ ಎರಡು ಕುಣಿಕೆಗಳನ್ನು ಮಾಡಿ, ಒಂದರ ಮೇಲೊಂದು ಇಟ್ಟು, ಗೂಟದ ತಲೆಯ ಮೇಲಿಂದ ಇಳಿಬಿಟ್ಟು ಎಳೆದ. ನಾನು ಕಲಿಸುತ್ತಿದ್ದ ರೀತಿ ಅದಲ್ಲವಾದ್ದರಿಂದ ‘ತಪ್ಪು, ಸುತ್ತಿ ಕಟ್ಟು’ ಎಂದೆ. ಅವನು ಗಲಿಬಿಲಿಗೊಂಡ, ಸುತ್ತಿ ಕಟ್ಟಲು ಹೋಗಿ ತಪ್ಪಿದ, ನಾನು ಹೆಸರಿನ ಮುಂದೆ ಗೆರೆ ಎಳೆದೆ. ಅವನು ದಿನವೂ ಎತ್ತಿನ ಕಣ್ಣಿಯನ್ನು ಗೂಟಕ್ಕೆ ಕಟ್ಟುತ್ತಿದ್ದುದು ಹಾಗೆಯೇ ಎಂದು ಸಂಜೆ ಅವನ ಜೊತೆಗಾರ ಹೇಳಿದಾಗ ನಾನು ಮತ್ತೆ ಹೋಗಿ ಗೂಟವನ್ನು ನೋಡಿದೆ. ಎರಡೂ ದಾರಿಗಳಲ್ಲಿ ಮೂಡುವುದು ಒಂದೇ ಗಂಟು. ಮರುದಿನ ಅವನನ್ನು ಕರೆದು, ಎಲ್ಲರೆದುರು ನನ್ನ ತಪ್ಪನ್ನು ಒಪ್ಪಿಕೊಂಡು ಸಹಿ ಹಾಕಿದೆನಾದರೂ, ಅದಕ್ಕೂ ಮೊದಲಿನ ಶಿಬಿರಗಳಲ್ಲಿ ಹೀಗೆ ಎಷ್ಟು ಮಕ್ಕಳ ಹೆಸರಿಗೆ ಗೆರೆ ಎಳೆದಿದ್ದೆನೋ ಎಂಬುದಕ್ಕೆ ನನ್ನಲ್ಲಿ ಉತ್ತರವಿಲ್ಲ. ಪರೀಕ್ಷಕರು ನೋಡಬೇಕಾದುದು ಗಂಟನ್ನು. ಅದು ತಾನು ಕಲಿಸಿದ ರೀತಿಯಲ್ಲಿ ಬಂತೇ ಎಂಬುದನ್ನಲ್ಲ.

ಇನ್ನು ಒಲವಿನ ಮಾತು. ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲಿ, ಸೇನೆಯ ಅಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಕೊಟ್ಟ ಅಂಕಗಳನ್ನು ಪರಿಶೀಲಿಸಿ ಒಂದು ಸಂಗತಿಯನ್ನು ತೋರಿಸಿದ: ಮೈಕಟ್ಟಿನಲ್ಲಿ ಮೇಲೆಂದು ಕಂಡವನಿಗೆ ಬುದ್ಧಿಯಲ್ಲೂ ನಾಯಕತ್ವದಲ್ಲೂ ನಡತೆಯಲ್ಲೂ ಅಧಿಕಾರಿಗಳು ಹೆಚ್ಚು ಅಂಕ ಕೊಡುತ್ತಿದ್ದರು, ಈ ಗುಣಗಳು ವಾಸ್ತವದಲ್ಲಿ ಅಷ್ಟು ಅಂಟಿಕೊಂಡಿರಲು ಸಾಧ್ಯವಿರಲಿಲ್ಲ. ಒಂದು ಗುಣದ ಬೆಳಕು ಉಳಿದವುಗಳ ಮೇಲೂ ಬೀಳುವ ಈ ದೋಷಕ್ಕೆ ದೇವರ ವಿಗ್ರಹದ ಹಿಂದಿನ ಪ್ರಭಾವಳಿಯ ಹೆಸರೇ ಒಪ್ಪುತ್ತದೆ. ನಿಮ್ಮ ಅಳುಕು ಇದೇ. ಇದನ್ನು ಮನಸ್ಸು ಗಟ್ಟಿಮಾಡಿಕೊಂಡು ಗೆಲ್ಲಲಾಗದು. ಕೆಲಸದ ಕ್ರಮವನ್ನು ಬದಲಿಸಿ ಗೆಲ್ಲಬೇಕು. ಒಬ್ಬ ಹುಡುಗಿಯನ್ನು ಕೂರಿಸಿಕೊಂಡು ಎಲ್ಲ ಗಂಟುಗಳನ್ನೂ ಕೇಳಿ ಮುಗಿಸಿ ಮುಂದಿನವಳನ್ನು ಕರೆಯುವುದಕ್ಕೆ ಬದಲಾಗಿ, ಎಲ್ಲ 28 ಮಂದಿಯ ಶೀಟ್ ಬೆಂಡನ್ನು ಒಂದು ಸಂಜೆ ನೋಡಿ, ಬೋಲೈನನ್ನು ಇನ್ನೊಂದು ಸಂಜೆ ನೋಡಿ. ಆಗ ಒಂದರಲ್ಲಿ ಅವಳು ಮಿಂಚಿದ್ದು ಇನ್ನೊಂದರ ಮೇಲೆ ನೆರಳು ಹಾಯಿಸುವುದಿಲ್ಲ. ಸಾಧ್ಯವಾದರೆ ಗಂಟು ಕಟ್ಟಿದ ಕಂಬಗಳನ್ನು ಮಾತ್ರ ಬಿಟ್ಟು ಹುಡುಗಿಯರು ಆಚೆ ಹೋಗಲಿ. ಯಾರದೆಂದು ತಿಳಿಯದೆ ನೀವು ಗಂಟುಗಳನ್ನು ನೋಡಿ.

ಕೊನೆಗೆ, ‘ಚೆನ್ನಾಗಿತ್ತು’ ಎಂದು ಬರೆಯಬೇಡಿ. ‘ಬಕೆಟ್ ಎತ್ತಿದಳು, ಗಂಟು ಜಾರಲಿಲ್ಲ, ಎರಡನೆಯ ಪ್ರಯತ್ನ’ ಎಂದು ಕಂಡದ್ದನ್ನು ಬರೆಯಿರಿ. ವರ್ಷದ ಬಳಿಕ ಯಾರಾದರೂ ಕೇಳಿದರೆ ನಿಮ್ಮ ಬಳಿ ಉತ್ತರವಿರುತ್ತದೆ. ಮಗುವಿಗೂ ತಾನು ಎಲ್ಲಿದ್ದೇನೆಂದು ತಿಳಿಯುತ್ತದೆ.

ಪ್ರಶ್ನೆ: ನನ್ನ ಮಗ ಹತ್ತನೆಯ ತರಗತಿ, ಕನ್ನಡ ಮಾಧ್ಯಮ. ರಾಜ್ಯ ಪುರಸ್ಕಾರದ ಪರೀಕ್ಷಣಾ ಶಿಬಿರದಲ್ಲಿ ಅವನನ್ನು ಪ್ರಶ್ನಿಸಿದವರು ಇಂಗ್ಲಿಷಿನಲ್ಲಿ ಕೇಳಿದರಂತೆ. ಗೊತ್ತಿದ್ದ ಉತ್ತರವೂ ಬಾಯಿಗೆ ಬರಲಿಲ್ಲ. ಅವನ ಸಮವಸ್ತ್ರ ಅಣ್ಣನದು, ಬಣ್ಣ ಮಾಸಿದೆ; ಅದಕ್ಕೂ ಮಾತು ಕೇಳಿದನಂತೆ. ಈ ಪ್ರಮಾಣಪತ್ರದಿಂದ ಮುಂದೆ ಸೀಟಿಗೆ ಅನುಕೂಲ ಎಂದು ನಾವೂ ಆಸೆಯಿಟ್ಟುಕೊಂಡಿದ್ದೆವು. ಈಗ ಅವನು ದಳಕ್ಕೇ ಹೋಗುವುದಿಲ್ಲ ಎನ್ನುತ್ತಿದ್ದಾನೆ. – ತಂದೆ, ಕೊಪ್ಪಳ ಜಿಲ್ಲೆ

ಉತ್ತರ: ನಿಮ್ಮ ಪತ್ರ ಓದಿ ನೋವಾಯಿತು. ಭಾರತದಲ್ಲಿ ಸ್ಕೌಟ್ ಚಳವಳಿ ಕಾಲಿಟ್ಟದ್ದು ನಮ್ಮ ಬೆಂಗಳೂರಿನಲ್ಲಿ. 1909ರಲ್ಲಿ ಕ್ಯಾಪ್ಟನ್ ಟಿ. ಎಚ್. ಬೇಕರ್ ಮೊದಲ ದಳವನ್ನು ಕಟ್ಟಿದರು. ಆದರೆ ಆರಂಭದ ಆ ದಳಗಳು ಬ್ರಿಟಿಷ್ ಮತ್ತು ಆಂಗ್ಲೋ ಇಂಡಿಯನ್ ಹುಡುಗರಿಗಾಗಿದ್ದವು. ನಮ್ಮ ಮಕ್ಕಳಿಗೆ ಬಾಗಿಲು ತೆರೆದಿರಲಿಲ್ಲ. ಆ ಅನ್ಯಾಯಕ್ಕೆ ಉತ್ತರವಾಗಿಯೇ ಮದರಾಸಿನಲ್ಲಿ ಆನಿ ಬೆಸೆಂಟ್ ಮತ್ತು ಜಾರ್ಜ್ ಅರುಂಡೇಲ್ ಭಾರತೀಯ ಬಾಲಕರಿಗಾಗಿ ಪ್ರತ್ಯೇಕ ಸ್ಕೌಟ್ ಸಂಘವನ್ನು ಕಟ್ಟಿದರು. ಉತ್ತರದಲ್ಲಿ ಮದನ ಮೋಹನ ಮಾಳವೀಯ, ಹೃದಯನಾಥ ಕುಂಜ್ರು, ಶ್ರೀರಾಮ ಬಾಜಪೇಯಿ ಅವರು ಸೇವಾ ಸಮಿತಿಯ ಸ್ಕೌಟ್ ದಳಗಳನ್ನು ಬೆಳೆಸಿದರು. ಬೇರೆ ಬೇರೆ ಸಂಘಗಳು ಒಂದಾಗಿ 1950ರ ನವೆಂಬರ್ 7ರಂದು ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಹುಟ್ಟಿತು. ಮರುವರ್ಷ ಆಗಸ್ಟ್ 15ರಂದು ಗೈಡ್ ಸಂಘವೂ ಬಂದು ಸೇರಿತು. ನಮ್ಮ ಮಕ್ಕಳು ತಮ್ಮ ನುಡಿಯಲ್ಲಿ, ತಮ್ಮ ಹಾಡಿನಲ್ಲಿ ಸ್ಕೌಟ್ ಆಗಬೇಕೆಂದು ಹಿರಿಯರು ಇಷ್ಟು ದುಡಿದಿರುವಾಗ, ಕೊಪ್ಪಳದ ಹುಡುಗನೊಬ್ಬ ಇಂಗ್ಲಿಷ್ ಬಾರದೆಂಬ ಕಾರಣಕ್ಕೆ ತಲೆ ತಗ್ಗಿಸಿ ಶಿಬಿರದಿಂದ ಹೊರಬರುವುದನ್ನು ನಾನು ಒಪ್ಪಲಾರೆ.

ದಿಕ್ಸೂಚಿಯ ಹದಿನಾರು ದಿಕ್ಕುಗಳನ್ನು ಕನ್ನಡದಲ್ಲಿ ತೋರಿಸಬಲ್ಲವನಿಗೆ ದಿಕ್ಕು ಗೊತ್ತಿದೆ ಎಂದೇ ಅರ್ಥ. ಭಾಷೆಯ ಪರೀಕ್ಷೆಯಾದರೆ ಅದನ್ನು ಹಾಗೆಂದು ಕರೆದು ಬೇರೆಯಾಗಿ ನಡೆಸಲಿ. ಸಮವಸ್ತ್ರದ ವಿಷಯದಲ್ಲೂ ಅಷ್ಟೇ: ನೋಡಬೇಕಾದುದು ಒಗೆದಿದೆಯೇ, ಗುಂಡಿಗಳಿವೆಯೇ, ಸ್ಕಾರ್ಫ್ ಸರಿಯಾಗಿ ಮಡಿಸಿದೆಯೇ ಎಂಬುದನ್ನು. ಬಣ್ಣ ಮಾಸಿರುವುದು ಮನೆಯ ಸ್ಥಿತಿಯನ್ನು ಹೇಳುತ್ತದೆಯೇ ಹೊರತು ಹುಡುಗನ ಕುಶಲತೆಯನ್ನಲ್ಲ. ಸ್ಕೌಟ್ ನಿಯಮಗಳಲ್ಲಿ ಮಿತವ್ಯಯವೂ ಒಂದು; ಅಣ್ಣನ ಸಮವಸ್ತ್ರವನ್ನು ಜೋಪಾನವಾಗಿ ತೊಟ್ಟವನು ಆ ನಿಯಮವನ್ನು ಪಾಲಿಸಿಯೇ ಬಂದಿದ್ದಾನೆ.

ಮಾಡಬೇಕಾದುದು ಇದು. ಸ್ಕೌಟ್ ಮಾಸ್ಟರ್ ಮೂಲಕ ಜಿಲ್ಲಾ ಸಂಸ್ಥೆಗೆ ಒಂದು ಪತ್ರ ಬರೆಯಿರಿ. ದೂರಿನ ಧಾಟಿ ಬೇಡ; ಯಾವ ಯಾವ ಅಂಶದಲ್ಲಿ ಮಗನ ಕೆಲಸ ಸಾಲದೆ ಬಂತೆಂದು ಕೇಳಿ, ಅದೇ ಅಂಶಗಳಲ್ಲಿ ಕನ್ನಡದಲ್ಲಿ ಮರುಪರೀಕ್ಷೆಗೆ ಅವಕಾಶ ಕೋರಿ. ಅಂಶವನ್ನು ಹೆಸರಿಸಿ ಉತ್ತರ ಬಂದರೆ ಅವನಿಗೆ ಅಭ್ಯಾಸಕ್ಕೆ ದಾರಿ ಸಿಗುತ್ತದೆ. ಹೆಸರಿಸಲಾಗದಿದ್ದರೆ, ಅಲ್ಲಿ ನಡೆದುದು ಮೌಲ್ಯಮಾಪನವಾಗಿರಲಿಲ್ಲ ಎಂಬುದು ಅವರಿಗೂ ತಿಳಿಯುತ್ತದೆ.

ಸೀಟಿನ ಮಾತಿಗೆ ಬಂದರೆ, ನಮ್ಮ ರಾಜ್ಯದ ಪರೀಕ್ಷಾ ಪ್ರಾಧಿಕಾರವು ವೃತ್ತಿಪರ ಕೋರ್ಸ್‌ಗಳ ಪ್ರವೇಶದಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್‌ಗೆ ವಿಶೇಷ ವರ್ಗವೊಂದನ್ನು ಇಟ್ಟಿರುವುದು ನಿಜ. ಹಾಗಿರುವುದರಿಂದಲೇ ಪರೀಕ್ಷಕರ ಹೊಣೆ ದೊಡ್ಡದು. ಒಂದು ಸಹಿ ಒಬ್ಬರಿಗೆ ಬಾಗಿಲು ತೆರೆದು ಇನ್ನೊಬ್ಬರಿಗೆ ಮುಚ್ಚಬಹುದು. ಆದರೆ ಮನೆಯಲ್ಲಿ ಸೀಟಿನ ಮಾತನ್ನು ಸದ್ಯಕ್ಕೆ ಬದಿಗಿಡಿ. ಅವನು ದಳಕ್ಕೆ ಮೊದಲು ಹೋಗುತ್ತಿದ್ದುದು ಸೀಟಿಗಾಗಿ ಅಲ್ಲ, ಗೆಳೆಯರಿಗಾಗಿ, ಕಾಡಿಗಾಗಿ, ಶಿಬಿರಾಗ್ನಿಗಾಗಿ. ಅವನ ಪೆಟ್ರೋಲ್ ಲೀಡರನ್ನು (ದಳದೊಳಗಿನ ಅವನ ಚಿಕ್ಕ ಗುಂಪಿನ ನಾಯಕನನ್ನು) ಒಂದು ಸಂಜೆ ಮನೆಗೆ ಊಟಕ್ಕೆ ಕರೆಯಿರಿ. ನೀವು ಹೇಳಿದರೆ ಕೇಳದವನು ಅವನ ಮಾತು ಕೇಳಬಹುದು.

ಪ್ರಶ್ನೆ: ನಾನು ಸ್ಕೌಟ್ ಮಾಸ್ಟರ್. ಶಾಲೆಯ ಹೆಸರಿಗಾಗಿ ಈ ವರ್ಷ ಕಳುಹಿಸುವ ಎಲ್ಲ ಮಕ್ಕಳೂ ತೇರ್ಗಡೆಯಾಗಬೇಕೆಂದು ಮುಖ್ಯೋಪಾಧ್ಯಾಯರ ಒತ್ತಾಯವಿದೆ. ಮಕ್ಕಳು ತಮ್ಮ ಚಟುವಟಿಕೆಗಳನ್ನು ಬರೆದಿಡಬೇಕಾದ ಲಾಗ್ ಬುಕ್ಕುಗಳನ್ನು ಹಿಂದಿನ ವರ್ಷದವರಿಂದ ನಕಲು ಮಾಡಿ ತರುತ್ತಿದ್ದಾರೆ. ಆಂದೋಲನದ ಸಂಸ್ಥಾಪಕರೇ ಪ್ರಯತ್ನಕ್ಕೆ ಬೆಲೆ ಕೊಡಬೇಕೆಂದು ಹೇಳಿದ್ದಾರಲ್ಲ, ಸ್ವಲ್ಪ ಸಡಿಲ ಬಿಟ್ಟರೆ ತಪ್ಪೇನು ಎಂದು ಸಹೋದ್ಯೋಗಿಗಳು ಕೇಳುತ್ತಾರೆ.

ಉತ್ತರ: ಸಂಸ್ಥಾಪಕ ಬೇಡನ್ ಪೊವೆಲ್ ಹಾಗೆ ಹೇಳಿದ್ದು ನಿಜ. ಬ್ಯಾಡ್ಜಿಗೆ ಅಳತೆಗೋಲು ಕೆಲಸದ ಗುಣಮಟ್ಟಕ್ಕಿಂತ ಹುಡುಗ ಹಾಕಿದ ಶ್ರಮವೇ ಎಂಬುದು ಅವರ ನಿಲುವಾಗಿತ್ತು. ಹಿಂದುಳಿದ ಹುಡುಗನೂ ಮುಂದಿರುವವನಷ್ಟೇ ಆಸೆಯಿಂದ ಹೆಜ್ಜೆಯಿಡಬೇಕೆಂಬುದು ಅದರ ಉದ್ದೇಶ. ಆದರೆ ನಕಲು ಮಾಡಿದ ಲಾಗ್ ಬುಕ್ಕಿನಲ್ಲಿ ಶ್ರಮವೂ ಇಲ್ಲ, ಗುಣಮಟ್ಟವೂ ಇಲ್ಲ. ಅವರ ಮಾತನ್ನು ಹಿಡಿದು ಇದನ್ನು ಸಮರ್ಥಿಸುವುದು ಆ ಮಾತಿಗೇ ಅನ್ಯಾಯ.

ನನ್ನ ಅನುಭವದಲ್ಲಿ ನಾನು ಕಂಡುಕೊಂಡ ಗಡಿ ಇದು. ಹಾಡು, ಚಿತ್ರ, ತೋಟಗಾರಿಕೆ, ಸಂಗ್ರಹ ಇಂಥ ಬ್ಯಾಡ್ಜುಗಳಲ್ಲಿ ಶ್ರಮವನ್ನೇ ಮುಂದಿಡಬಹುದು. ಹುಡುಗನ ಬದನೆ ಗಿಡ ಬಾಡಿದ್ದರೂ ಅವನು ಮೂರು ತಿಂಗಳು ನೀರು ಹೊತ್ತಿದ್ದರೆ ನಾನು ಸಹಿ ಹಾಕುತ್ತೇನೆ. ಇನ್ನೊಬ್ಬರ ಜೀವ ಅವಲಂಬಿಸಿರುವ ಕಡೆ ಹಾಗೆ ಮಾಡಲಾರೆ. ಎದೆಯೊತ್ತುವುದನ್ನು ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ, ದೊಡ್ಡವರಾದರೆ ಸುಮಾರು ಐದು ಸೆಂಟಿಮೀಟರು ಆಳಕ್ಕೆ, 30 ಒತ್ತುಗಳಿಗೆ ಎರಡು ಉಸಿರಿನಂತೆ ಮಾಡಬೇಕು. ಹಾವು ಕಚ್ಚಿದ ಜಾಗವನ್ನು ಕೊಯ್ಯಬಾರದು, ಬಾಯಿಂದ ಹೀರಬಾರದು, ಕಚ್ಚಿಸಿಕೊಂಡವರನ್ನು ಅಲುಗಾಡದಂತೆ ಇರಿಸಿ ಬೇಗ ಆಸ್ಪತ್ರೆಗೆ ಸಾಗಿಸಬೇಕು. ಇದು ಬಾರದವನ ತೋಳಿಗೆ ಪ್ರಥಮ ಚಿಕಿತ್ಸೆಯ ಬ್ಯಾಡ್ಜು ಹೊಲಿದರೆ, ಊರಿನವರು ಆ ಬ್ಯಾಡ್ಜನ್ನು ನಂಬಿ ಅವನನ್ನು ಕರೆಯುತ್ತಾರೆ. ಅವನೂ ತನಗೆ ಬರುತ್ತದೆಂದು ನಂಬಿ ಮುಂದೆ ಹೋಗುತ್ತಾನೆ. ಅಲ್ಲಿ ಮಗುವಿನ ಮೇಲೆ ಹೇರಿದ ಭಾರ ಎಂಥದೆಂದು ಯೋಚಿಸಿ. ಕಲಿಯಲು ಬೇಕಾದಷ್ಟು ಕಾಲ ಕೊಡಿ, ಹತ್ತು ಬಾರಿ ಅವಕಾಶ ಕೊಡಿ. ಮಟ್ಟವನ್ನು ಮಾತ್ರ ಇಳಿಸಬೇಡಿ.

ಪ್ರಾವೀಣ್ಯದ ಬ್ಯಾಡ್ಜುಗಳ ಪರೀಕ್ಷೆಗೆ ಆ ಕೆಲಸವನ್ನೇ ಬಲ್ಲ ಹೊರಗಿನವರನ್ನು ಕರೆಯುವುದು ಹಳೆಯ, ಒಳ್ಳೆಯ ಪದ್ಧತಿ. ನಿಮ್ಮ ಸಮಸ್ಯೆಗೆ ಅದರಲ್ಲೇ ಅರ್ಧ ಪರಿಹಾರವಿದೆ. ಪ್ರಥಮ ಚಿಕಿತ್ಸೆಗೆ ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸಮ್ಮನನ್ನು, ಅಡುಗೆಗೆ ಬಿಸಿಯೂಟದ ಅಮ್ಮಂದಿರನ್ನು, ಸೈಕಲ್‌ಗೆ ಪಂಕ್ಚರ್ ಅಂಗಡಿಯವರನ್ನು ಕರೆಯಿರಿ. ಅನ್ನ ಬೆಂದಿದೆಯೇ ಎಂಬುದನ್ನು ಬಿಸಿಯೂಟದ ಅಮ್ಮನ ಮುಂದೆ ಯಾವ ಮುಖ್ಯೋಪಾಧ್ಯಾಯರೂ ತಿರುಚಲಾರರು. ಅವರು ಏನನ್ನು ನೋಡಬೇಕೆಂಬುದನ್ನು ಮುಂಚೆ ಒಂದು ಹಾಳೆಯಲ್ಲಿ ಬರೆದುಕೊಡಿ. ಬಲ್ಲವರಾದರೂ ಎಷ್ಟು ಸಾಕು ಎಂಬುದು ಹೇಳದೆ ತಿಳಿಯುವುದಿಲ್ಲ.

ಲಾಗ್ ಬುಕ್ಕಿಗೆ ನನ್ನ ಉಪಾಯ ಸರಳ. ಪುಟಗಳ ಅಂದಕ್ಕೆ ಅಂಕ ಕೊಡುವುದನ್ನೇ ನಿಲ್ಲಿಸಿ, ಪುಸ್ತಕವನ್ನು ಮುಚ್ಚಿಟ್ಟು, ‘ಈ ಕಾಲ್ನಡಿಗೆ ಪ್ರವಾಸದಲ್ಲಿ ಎಲ್ಲಿ ದಾರಿ ತಪ್ಪಿದಿರಿ?’ ಎಂದು ಕೇಳಿ. ಹೋದವನು ಹೇಳುತ್ತಾನೆ, ಇನ್ನೂ ಹೇಳುತ್ತಲೇ ಇರುತ್ತಾನೆ. ಸಿದ್ಧವಾಗದ ಮಕ್ಕಳ ಹೆಸರನ್ನು ಈ ವರ್ಷ ಕಳುಹಿಸದಿರುವುದು ನಿಮ್ಮ ಕೈಯಲ್ಲಿದೆ. ಮುಖ್ಯೋಪಾಧ್ಯಾಯರಿಗೆ ಸಂಖ್ಯೆಯ ಬದಲು ನಿಮ್ಮ ದಾಖಲೆಯನ್ನು ತೋರಿಸಿ, ಮುಂದಿನ ವರ್ಷ ಇವರೆಲ್ಲ ಹೋಗುತ್ತಾರೆ ಎಂದು ದಿನಾಂಕ ಹಾಕಿ ಹೇಳಿ.

ಪ್ರಶ್ನೆ: ನಮ್ಮ ದಳದಲ್ಲಿ ಹುಟ್ಟಿನಿಂದ ಎಡಗೈಗೆ ಬಲವಿಲ್ಲದ ಹುಡುಗನಿದ್ದಾನೆ. ಗಂಟು, ಲ್ಯಾಷಿಂಗ್ (ಬಿದಿರುಗಳನ್ನು ಹಗ್ಗದಿಂದ ಬಿಗಿದು ಕಟ್ಟುವುದು), ಪ್ರಥಮ ಚಿಕಿತ್ಸೆ ಎಲ್ಲಕ್ಕೂ ಎರಡು ಕೈ ಬೇಕು. ವಿನಾಯಿತಿ ಕೊಟ್ಟರೆ ಉಳಿದವರು ಗೊಣಗುತ್ತಾರೆ. ಕೊಡದಿದ್ದರೆ ಅವನು ನಿಂತಲ್ಲೇ ನಿಲ್ಲುತ್ತಾನೆ. – ಸಹಾಯಕ ಸ್ಕೌಟ್ ಮಾಸ್ಟರ್, ಶಿವಮೊಗ್ಗ ಜಿಲ್ಲೆ

ಉತ್ತರ: ವಿನಾಯಿತಿ ಎಂಬ ಮಾತನ್ನು ಬಿಟ್ಟು ಹೊಂದಾಣಿಕೆ ಎಂದುಕೊಳ್ಳಿ, 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯೂ ಕೇಳುವುದು ಅದನ್ನೇ. ಪರೀಕ್ಷೆ ಏನನ್ನು ಕೇಳುತ್ತಿದೆ ಎಂಬುದನ್ನು ಮೊದಲು ಬಿಡಿಸಿಕೊಳ್ಳಿ. ಬೋಲೈನ್ ಪರೀಕ್ಷೆ ಕೇಳುವುದು ಜಾರದ ಕುಣಿಕೆಯನ್ನು, ಎರಡು ಕೈಗಳನ್ನಲ್ಲ. ಒಂದೇ ಕೈಯಿಂದ ಸೊಂಟದ ಸುತ್ತ ಬೋಲೈನ್ ಕಟ್ಟುವ ಕ್ರಮವೊಂದು ನಾವಿಕರಲ್ಲೂ ಬಂಡೆ ಹತ್ತುವವರಲ್ಲೂ ಇದೆ: ಒಂದು ಕೈ ಹಿಡಿತಕ್ಕೆ ಬೇಕಾದಾಗ ಉಳಿದ ಕೈಯಿಂದಲೇ ಕಟ್ಟಿಕೊಳ್ಳಲು. ಅದನ್ನು ನೀವು ಮೊದಲು ಕಲಿತು ಅವನಿಗೆ ಕಲಿಸಿ. ಉಳಿದವರಿಗೂ ಕಲಿಸಿ; ಒಂದು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಪ್ರಯತ್ನಿಸಿದ ಮೇಲೆ ಗೊಣಗಾಟ ತಾನಾಗಿ ಇಳಿಯುತ್ತದೆ. ಇನ್ನು ಕೆಲವು ಗಂಟುಗಳಿಗೆ ಹಗ್ಗದ ಒಂದು ತುದಿಯನ್ನು ಕಾಲಡಿ ಒತ್ತಿಕೊಳ್ಳಲಿ, ಹಲ್ಲಿನಲ್ಲಿ ಹಿಡಿದುಕೊಳ್ಳಲಿ, ಹೆಚ್ಚು ಸಮಯ ತೆಗೆದುಕೊಳ್ಳಲಿ. ಕೊನೆಯಲ್ಲಿ ಗಂಟು ನಿಲ್ಲಬೇಕು, ಅಷ್ಟೆ.

ಲ್ಯಾಷಿಂಗ್ ನಮ್ಮಲ್ಲಿ ಒಬ್ಬರೇ ಮಾಡುವ ಕೆಲಸವೇ ಅಲ್ಲ. ಬಿದಿರು ಹಿಡಿಯಲು ಜೊತೆಗಾರ ಇದ್ದೇ ಇರುತ್ತಾನೆ. ಪ್ರಥಮ ಚಿಕಿತ್ಸೆಯಲ್ಲಿ ರಕ್ತಸ್ರಾವವನ್ನು ಒತ್ತಿ ಹಿಡಿಯಲು ಒಂದು ಗಟ್ಟಿ ಕೈ ಸಾಕು, ಅದನ್ನು ಅವನೇ ಮಾಡಲಿ. ಬ್ಯಾಂಡೇಜು ಸುತ್ತುವಾಗ ಪಕ್ಕದವನಿಗೆ ಒಂದೊಂದೇ ಹಂತ ಹೇಳಿ ಮಾಡಿಸಲಿ. ಗಾಯಗೊಂಡವನಿಗೆ ಸರಿಯಾದ ಆರೈಕೆ ಸಿಕ್ಕಿತೇ ಎಂಬುದನ್ನೇ ನೋಡಿ. ಮುಳುಗುವವರನ್ನು ರಕ್ಷಿಸುವ ಬ್ಯಾಡ್ಜಿನಂಥ ಕಡೆ ಹೊಂದಾಣಿಕೆ ಸಾಧ್ಯವಾಗದಿದ್ದರೆ ಅದನ್ನು ಅವನೊಂದಿಗೇ ಕುಳಿತು ನೇರವಾಗಿ ಮಾತಾಡಿ. ಆರಿಸಿಕೊಳ್ಳಲು ಬೇರೆ ಬ್ಯಾಡ್ಜುಗಳು ಬೇಕಾದಷ್ಟಿವೆ. ಆದರೆ ಅವನ ಪರವಾಗಿ ನೀವೇ ಮುಂಚೆ ‘ಇದು ನಿನಗಾಗದು’ ಎಂದು ನಿರ್ಧರಿಸಬೇಡಿ.

ನಿಮ್ಮದು ಮಲೆನಾಡಾದ್ದರಿಂದ ಇನ್ನೊಂದು ಮಾತು. ಎರಡೇ ಕಡ್ಡಿಗಳಲ್ಲಿ ಒಲೆ ಹೊತ್ತಿಸುವುದು ಸ್ಕೌಟರ ಹಳೆಯ ಪರೀಕ್ಷೆ. ಮಾರ್ಚಿನಲ್ಲಿ ವಿಜಯಪುರದ ಹುಡುಗನಿಗೆ ಒಂದು ಕಡ್ಡಿ ಸಾಕು. ಜುಲೈಯಲ್ಲಿ ನಿಮ್ಮ ಹುಡುಗನಿಗೆ ಹಸಿ ಸೌದೆಯ ಮುಂದೆ ಆರೂ ಸಾಲದೆ ಹೋಗಬಹುದು. ಸೌದೆಯ ಸಿಪ್ಪೆ ಕೆತ್ತಿ ಒಣ ತಿರುಳನ್ನು ತೆಗೆಯುವುದು, ತೆಂಗಿನ ನಾರನ್ನು ಬಚ್ಚಿಟ್ಟುಕೊಳ್ಳುವುದು ಅವನಿಗೆ ಗೊತ್ತಿದ್ದರೆ, ಕಡ್ಡಿಯ ಲೆಕ್ಕವನ್ನು ಬಿಟ್ಟು ಆ ಜಾಣ್ಮೆಯನ್ನು ನೋಡಿ. ಅಂದಾಜು ಮಾಡುವ ಪರೀಕ್ಷೆಗಳಲ್ಲೂ ಎಷ್ಟು ವ್ಯತ್ಯಾಸ ನಡೆಯುತ್ತದೆಂದು ಮುಂಚೆಯೇ ಹೇಳಿಬಿಡಬೇಕು. ದೂರ ಎತ್ತರಗಳ ಹಳೆಯ ಪ್ರಥಮ ದರ್ಜೆ ಪರೀಕ್ಷೆಯಲ್ಲಿ ಶೇ 25ರಷ್ಟು ತಪ್ಪಿಗೆ ಅವಕಾಶವಿತ್ತು. 20 ಮೀಟರಿನ ತೆಂಗಿನ ಮರವನ್ನು ತನ್ನ ಗೇಣು, ಮೊಳಗಳಿಂದ ಅಳೆದು 17 ಎಂದವನನ್ನು ಒಬ್ಬರು ಮೆಚ್ಚಿ, ಇನ್ನೊಬ್ಬರು ತಳ್ಳಿಬಿಟ್ಟರೆ ಅದು ಪರೀಕ್ಷೆಯಾಗುವುದಿಲ್ಲ.

ಪ್ರಶ್ನೆ: ನನಗೆ 14 ವರ್ಷ. ಹೊಸದಾಗಿ ಪೆಟ್ರೋಲ್ ಲೀಡರ್ ಆಗಿದ್ದೇನೆ. ನನ್ನ ಪೆಟ್ರೋಲ್‌ನಲ್ಲಿ ಏಳು ಜನ. ಸರ್ ನನಗೆ ಚಿಕ್ಕವರ ಗಂಟುಗಳನ್ನು ನೋಡಿ ಹೇಳು ಎಂದಿದ್ದಾರೆ. ಅದರಲ್ಲಿ ಒಬ್ಬ ನನ್ನ ತಮ್ಮ, ಇನ್ನೊಬ್ಬ ನನ್ನ ಜೊತೆ ಜಗಳವಾಡಿ ಮಾತು ಬಿಟ್ಟಿದ್ದಾನೆ. ಏನು ಮಾಡಲಿ?

ಉತ್ತರ: ಪ್ರೀತಿಯ ಪೆಟ್ರೋಲ್ ಲೀಡರ್, ನಿನ್ನ ಸರ್ ಮಾಡಿರುವುದು ಸರಿಯಾದ ಕೆಲಸ. 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ನಡೆದ ಮೊದಲ ಶಿಬಿರದಲ್ಲಿಯೇ ಸುಮಾರು ಇಪ್ಪತ್ತು ಹುಡುಗರನ್ನು ಪೆಟ್ರೋಲ್‌ಗಳಾಗಿ ಹಂಚಿ, ಒಬ್ಬೊಬ್ಬ ಹುಡುಗನಿಗೆ ಒಂದೊಂದರ ಹೊಣೆ ಕೊಟ್ಟಿದ್ದರು. ಕಲಿಸುವುದು, ಸಿದ್ಧವಾಗಿದ್ದಾನೆಯೇ ಎಂದು ಮೊದಲು ನೋಡುವುದು ನಿನ್ನ ಕೆಲಸ. ಕೊನೆಯ ಸಹಿ ಸರ್‌ದು. ಆದ್ದರಿಂದ ಎಲ್ಲವೂ ನಿನ್ನ ಮೇಲೆ ಬಿದ್ದಿದೆ ಎಂದು ಹೆದರಬೇಡ.

ತಮ್ಮನನ್ನು ನೀನು ನೋಡಬೇಡ. ಪಕ್ಕದ ಪೆಟ್ರೋಲ್‌ನ ಲೀಡರ್‌ಗೆ ಅವನನ್ನು ಕೊಟ್ಟು, ಅವನ ಪೆಟ್ರೋಲ್‌ನ ಒಬ್ಬನನ್ನು ನೀನು ತೆಗೆದುಕೋ. ನಿನಗೆ ತಮ್ಮನ ಮೇಲೆ ಪ್ರೀತಿ ಹೆಚ್ಚಾಗಿ ಬಿಟ್ಟುಬಿಡುತ್ತೀಯೆಂದು ಮಾತ್ರವಲ್ಲ. ಜನ ಏನೆಂದಾರೋ ಎಂದು ಅವನಿಗೆ ಬೇರೆಯವರಿಗಿಂತ ಕಠಿಣವಾಗುವ ಅಪಾಯವೂ ಇದೆ. ಅಣ್ಣ ಅಕ್ಕಂದಿರು ಪರೀಕ್ಷಕರಾದ ಕಡೆ ನಾನು ಹೆಚ್ಚಾಗಿ ಕಂಡದ್ದು ಇದನ್ನೇ.

ಮಾತು ಬಿಟ್ಟ ಗೆಳೆಯನನ್ನು ಮಾತ್ರ ನೀನೇ ನೋಡು, ಆದರೆ ಒಬ್ಬನೇ ನೋಡಬೇಡ. ನಿನ್ನ ಸೆಕೆಂಡ್, ಅಂದರೆ ಪೆಟ್ರೋಲ್‌ನ ಉಪನಾಯಕ, ಕೂಡ ಪಕ್ಕದಲ್ಲಿರಲಿ. ಇಬ್ಬರೂ ಒಂದೊಂದು ಚೀಟಿಯಲ್ಲಿ ನಿಂತಿತು, ಜಾರಿತು ಎಂದು ಒಬ್ಬರಿಗೊಬ್ಬರು ತೋರಿಸದೆ ಬರೆಯಿರಿ. ಆಮೇಲೆ ಚೀಟಿಗಳನ್ನು ಹೋಲಿಸಿ ನೋಡಿ. ಎರಡೂ ಒಂದೇ ಆದರೆ ಸರಿ. ಬೇರೆಯಾದರೆ ಇನ್ನೊಮ್ಮೆ ಕಟ್ಟಿಸಿ. ಪರೀಕ್ಷೆಯ ದಿನ ಯಾವ ಗಂಟು, ಎಷ್ಟು ಬಾರಿ ಅವಕಾಶ ಎಂಬುದನ್ನು ಎಲ್ಲರಿಗೂ ಒಟ್ಟಿಗೆ ಮೊದಲೇ ಹೇಳು. ಅವನ ಗಂಟು ಜಾರಿದರೆ ಎಲ್ಲಿ ತಪ್ಪಿತೆಂದು ನಿನ್ನ ಕೈಯಿಂದ ಕಟ್ಟಿ ತೋರಿಸು, ಮಾತಾಡದಿದ್ದರೂ ಅವನು ನಿನ್ನ ಕೈ ನೋಡುತ್ತಾನೆ. ನಿಂತರೆ ಎಲ್ಲರಿಗೂ ಕೇಳುವಂತೆ ‘ನಿಂತಿದೆ’ ಎಂದು ಹೇಳು, ಚೀಟಿಯನ್ನು ಅಂದೇ ಸರ್ ಕೈಗೆ ಕೊಡು.